ಬ್ಯಾಡದವ್ರ ಪಟ್ಟಿ

ಹಳೆಯ ಸಿಪಿಯು ಡಬ್ಬಿಯ ಪಕ್ಕದ ತಗಡು ಬಿಚ್ಚಿದಾಗ ಒಳಗಿನಿಂದ ಕೆಂಪು ಧೂಳು ನನ್ನ ಲುಂಗಿಯ ಮೇಲೆ ಸುರಿಯಿತು. ಒಂದು ಹಿಡಿಯಷ್ಟಿತ್ತು. ಸ್ವಿಚ್ ಹಾಕಿದೆ. ಫ್ಯಾನು ಎರಡು ಸಲ ಕೆಮ್ಮಿ ತಿರುಗತೊಡಗಿತು, ಧೂಳು ಕಾದು ವಾಸನೆ ಎದ್ದಿತು. ಸಂಡೂರಿನ ವಾಸನೆ ಅಂದುಕೊಂಡೆ. ಅಂದುಕೊಂಡ ಮರುಕ್ಷಣ ಅನುಮಾನವಾಯಿತು. ಹನ್ನೊಂದು ವರ್ಷ ಆ ಧೂಳನ್ನು ಉಸಿರಾಡಿದವನಿಗೆ ಅದರ ವಾಸನೆ ಎಲ್ಲಿಂದ ತಿಳಿಯಬೇಕು? ಬಂದದ್ದು ಬಿಸಿಯಾದ ವೈರಿನ ವಾಸನೆಯೂ ಇರಬಹುದು. ನೀವು ನನ್ನ ಜೊತೆ ಸ್ವಲ್ಪ ದೂರ ಬರುವವರು, ಅದಕ್ಕೆ ಮೊದಲೇ ಹೇಳುತ್ತೇನೆ: ಈ ವಿಷಯದಲ್ಲಿ ನನ್ನ ನೆನಪನ್ನು ನಂಬಬೇಡಿ. ನಾನೂ ನಂಬುತ್ತಿಲ್ಲ. ಡಬ್ಬಿಯೊಳಗೆ ಬರೆದಿಟ್ಟದ್ದನ್ನು ನಂಬೋಣ.

ಸಂಡೂರಿನ ಕೆಲಸ ಬಿಟ್ಟಾಗ ಜೊತೆಗೆ ತಂದುಕೊಂಡಿದ್ದ ಆ ಡಬ್ಬಿ ಬಿಚ್ಚಿದ್ದು ಸಾವಿತ್ರಕ್ಕನ ಫೋನಿನಿಂದಾಗಿ. ಸಂಡೂರಿನ ಲಾರಿ ಆಫೀಸಿನಲ್ಲಿ ನನ್ನ ಪಕ್ಕದ ಮೇಜಿನಲ್ಲಿ ಕೆಲಸ ಮಾಡುತ್ತಿದ್ದವರು ಅವರು. ಈಗ ಕಂಪ್ಲಿಯಲ್ಲಿದ್ದಾರೆ, ಅಕ್ಕಿ ಗಿರಣಿಯೊಂದರ ಆಫೀಸಿನಲ್ಲಿ. ನಾನು ಹೊಸಪೇಟೆಯಲ್ಲಿ ಕಂಪ್ಯೂಟರ್ ರಿಪೇರಿ ಮಾಡಿಕೊಂಡು ಇದ್ದೇನೆ. ಕಳೆದ ವಾರ ಫೋನ್ ಮಾಡಿ, ಗಿರಣಿಯ ಕಂಪ್ಯೂಟರಿನಲ್ಲಿ ಏನು ಒತ್ತಿದರೂ ಜಾಹೀರಾತೇ ಬರುತ್ತದೆ, ಒಮ್ಮೊಮ್ಮೆ ಕಣ್ಣೆತ್ತಿ ನೋಡಲಾಗದ ಚಿತ್ರಗಳೂ ಬರುತ್ತವೆ, ಹಿಂದೆ ನಿಂತ ಹಮಾಲರು ನಗುತ್ತಾರೆ ಎಂದು ಹೇಳಿದರು.

"ನಮ್ಮ ಆಫೀಸಿನ್ಯಾಗ ಇತ್ತಲ್ರಿ ಸರ, ಆ ಬ್ಯಾಡದವ್ರ ಪಟ್ಟಿ. ಅದನ್ನ ಹಂಗ ತಂದು ಹಾಕ್ರಿ ಇಲ್ಲಿ."

ಆ ಹೆಸರು ಅವರೇ ಇಟ್ಟದ್ದು. ನಾನು ಅದಕ್ಕೆ ಇನ್ನೇನೋ ದೊಡ್ಡ ಹೆಸರು ಹೇಳುತ್ತಿದ್ದೆ, ಯಾರಿಗೂ ಬಾಯಿಗೆ ಬರುತ್ತಿರಲಿಲ್ಲ. ಸಂಗತಿ ಸರಳ. ನೀವು ಇಂಟರ್ನೆಟ್ಟಿನಲ್ಲಿ ಒಂದು ಪುಟ ತೆರೆದರೆ ಅದರ ಬೆನ್ನಿಗೆ ಹತ್ತಾರು ಹೆಸರುಗಳು ನುಗ್ಗುತ್ತವೆ. ಜಾಹೀರಾತು ತೂರುವವರು, ನೀವು ಏನು ನೋಡಿದಿರಿ ಎಂದು ಹಿಂದೆ ಬಂದು ಬರೆದುಕೊಳ್ಳುವವರು, ಒಳಗೆ ಬಂದು ವಿಷ ಇಟ್ಟು ಹೋಗುವವರು. ಕಂಪ್ಯೂಟರು ಮೂಢ. ಪ್ರತಿಯೊಂದು ಹೆಸರಿಗೂ "ಇವರ ಮನೆ ಎಲ್ಲಿ?" ಎಂದು ಹೋಗಿ ವಿಳಾಸ ಕೇಳುತ್ತದೆ. ವಿಳಾಸ ಕೇಳುವ ಆ ಬಾಗಿಲಲ್ಲಿ ಒಂದು ಸಣ್ಣ ಪ್ರೋಗ್ರಾಮನ್ನು ಕೂರಿಸಿ, ಅದರ ಕೈಗೆ ಬೇಡದ ಹೆಸರುಗಳ ಪಟ್ಟಿ ಕೊಟ್ಟರೆ, ಆ ಹೆಸರು ಬಂದ ಕೂಡಲೇ ಅದು "ಅಂಥ ಮನೆಯೇ ಇಲ್ಲ" ಅನ್ನುತ್ತದೆ. ಅಷ್ಟೇ. ಜಗಳವಿಲ್ಲ, ಬೈಗುಳವಿಲ್ಲ. ಮನೆಯೇ ಇಲ್ಲ.

ಹೊಸಪೇಟೆ ಬಸ್ ಸ್ಟ್ಯಾಂಡಿನಲ್ಲಿ ಚೀಲ ಹಿಡಿದು ಇಳಿದವರಿಗೆ ಜಾಹೀರಾತು ಅಂದರೇನೆಂದು ಹೇಳಿಕೊಡಬೇಕಾಗಿಲ್ಲ. ಕಾಲು ನೆಲಕ್ಕೆ ತಾಕುವ ಮೊದಲೇ "ಹಂಪಿ ಹಂಪಿ ಹಂಪಿ" ಎಂದು ನಾಲ್ಕು ಆಟೋದವರು ಮುತ್ತುತ್ತಾರೆ. ನಾನು ಇಲ್ಲೇ ಹುಟ್ಟಿದವನು, ನನ್ನನ್ನೂ ಬಿಟ್ಟಿಲ್ಲ. ಆದರೆ ಕೂಗುವವರಿಂದ ಅಪಾಯವಿಲ್ಲ, ಕೂಗುತ್ತಾರೆ, ಬಿಡುತ್ತಾರೆ. ಹಂಪಿಗೆ ಹೋದ ಮೇಲೆ ಕೋತಿಯೊಂದು ಬೆನ್ನು ಹತ್ತುತ್ತದಲ್ಲ, ಸದ್ದಿಲ್ಲದೆ, ಕಲ್ಲಿಂದ ಕಲ್ಲಿಗೆ, ನಿಮ್ಮ ಚೀಲದಲ್ಲಿ ಬಾಳೆಹಣ್ಣು ಯಾವ ಕಡೆಗಿದೆ ಎಂದು ನೋಡಿಕೊಳ್ಳುತ್ತ, ಹಿಂದೆ ಬಂದು ಬರೆದುಕೊಳ್ಳುವ ಟ್ರ್ಯಾಕರ್ ಅಂದರೆ ಅದು. ಇದನ್ನು ಸಾವಿತ್ರಕ್ಕನಿಗೆ ವಿವರಿಸಿದಾಗ ಅವರು, ಕೋತಿ ಹೊಟ್ಟೆಗಿಲ್ಲದೆ ಬರುತ್ತದೆ, ಇವರಿಗೇನು ರೋಗ ಎಂದು ಕೇಳಿದ್ದರು.

ಆಫೀಸು ಎಂದರೆ ಸಂಡೂರಿನ ಹೊರಗೆ, ಲಾರಿ ನಿಲ್ಲುವ ಬಯಲಿನ ಅಂಚಿಗೆ ಎರಡು ಕೋಣೆ. ಗಣಿಯಿಂದ ಅದಿರು ತುಂಬಿದ ಲಾರಿಗಳು ಹೊಸಪೇಟೆ ಕಡೆಯ ರೈಲ್ವೆ ಸೈಡಿಂಗಿಗೆ, ಗೂಡ್ಸ್ ರೈಲಿಗೆ ತುಂಬುವ ಜಾಗಕ್ಕೆ, ಹೋಗುತ್ತಿದ್ದವು. ಯಾವ ಲಾರಿ ಹೊರಟಿತು, ಯಾವುದು ಮುಟ್ಟಿತು ನೋಡುವುದು ನಮ್ಮ ಕೆಲಸ. ಒಮ್ಮೆ ವೈರಸ್ ಹತ್ತಿ ಇದ್ದಬದ್ದ ಫೈಲುಗಳಿಗೆಲ್ಲ ಬೀಗ ಬಿದ್ದ ಮೇಲೆ ನಾನು ವಿಂಡೋಸ್ ತೆಗೆದು, ವೈರಸ್ ಅಷ್ಟಾಗಿ ಹತ್ತದ ಲಿನಕ್ಸ್ ಹಾಕುತ್ತೇನೆ ಅಂದೆ. ಆಫೀಸಿನ ಮಾಲೀಕರಾದ ಸಾವ್ಕಾರ್ರು ಅದು ಏನೆಂದು ಕೇಳಲಿಲ್ಲ, ಲಾರಿ ನಿಲ್ಲಬಾರದು ಅಂದರು. ನಾನು ಆ ಬಯಲಿನಲ್ಲಿ ಒಬ್ಬನೇ ಲಿನಕ್ಸ್ ಬಲ್ಲವನು. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಓಡಿಸುತ್ತಿದ್ದರೆ ಡ್ರೈವರುಗಳು ಕಿಟಕಿಯಲ್ಲಿ ನಿಂತು ನೋಡುತ್ತಿದ್ದರು. ನನಗೆ ಅದು ಬಹಳ ಹಿಡಿಸುತ್ತಿತ್ತು. ಬೇಕಾಗಿರದಿದ್ದರೂ ಕೆಲವೊಮ್ಮೆ ಓಡಿಸುತ್ತಿದ್ದೆ.

ಆ ಡ್ರೈವರುಗಳಲ್ಲಿ ಒಬ್ಬರು ದುರುಗಪ್ಪ, ಸಾವಿತ್ರಕ್ಕನ ಗಂಡ. ಕರಡಿಧಾಮವಿರುವ ದರೋಜಿ ಕಡೆಯವರು. ಎಂದಾದರೂ ಲಾರಿ ತಡವಾದರೆ ಅವರದು ಒಂದೇ ಸಬೂಬು, ಕರಡಿ ಅಡ್ಡ ಬಂತು ಅನ್ನುವುದು. ಟೈರು ಪಂಕ್ಚರ್ ಆದರೂ ಕರಡಿ, ಸೈಡಿಂಗಿನಲ್ಲಿ ಸಾಲು ಇದ್ದರೂ ಕರಡಿ. ಗಂಡ ಹೆಂಡತಿ ಆಫೀಸಿನಲ್ಲಿ ಅಷ್ಟಾಗಿ ಮಾತಾಡುತ್ತಿರಲಿಲ್ಲ. ಲಾರಿ ಗೇಟು ದಾಟುವಾಗ ದುರುಗಪ್ಪ ಹಾರ್ನನ್ನು ಒಂದೇ ಸಲ ಚಿಕ್ಕದಾಗಿ ಒತ್ತುತ್ತಿದ್ದರು, ಸಾವಿತ್ರಕ್ಕ ತಲೆ ಎತ್ತದೆ ಕೆಲಸ ಮುಂದುವರಿಸುತ್ತಿದ್ದರು.

ಈಗ ಆ ದಿನಕ್ಕೆ ಬರಬೇಕು. ಅದಕ್ಕೆ ಹಿಂದಿನ ದಿನದಿಂದ ಬರುತ್ತೇನೆ. ಹಿಂದಿನ ಮಧ್ಯಾಹ್ನ ಸಾವಿತ್ರಕ್ಕನ ಪರದೆಯ ತುಂಬ ಕೆಂಪು ಪುಟವೊಂದು ತೆರೆದುಕೊಂಡು ಸೈರನ್ ಬಡಿಯತೊಡಗಿತು. ನಿಮ್ಮ ಕಂಪ್ಯೂಟರು ಲಾಕ್ ಆಗಿದೆ, ಈ ನಂಬರಿಗೆ ಕೂಡಲೇ ಫೋನ್ ಮಾಡಿ. ಲಿನಕ್ಸಿಗೆ ಅದರಿಂದ ಏನೂ ಆಗುವುದಿಲ್ಲ. ಆದರೆ ಅವರು ಹೆದರಿ ಆ ನಂಬರು ಒತ್ತಿಯೂ ಬಿಟ್ಟಿದ್ದರು. ನಾನು ಕಸಿದುಕೊಂಡು ಕಟ್ ಮಾಡಿದೆ. ಸಾವ್ಕಾರ್ರು ಅಲ್ಲೇ ಇದ್ದರು. "ಏನ್ರಿ, ನಿಮ್ಮ ಪಟ್ಟಿ ಮಲಗಿತ್ತೇನು?" ಎಂದು ಕೇಳಿದರು. ನಕ್ಕೇ ಕೇಳಿದ್ದು. ಆದರೆ ಕಿಟಕಿಯಲ್ಲಿ ಇಬ್ಬರು ಡ್ರೈವರುಗಳಿದ್ದರು.

ಮರುದಿನ ಬೆಳಿಗ್ಗೆ ಬಂದವನೇ ಪಟ್ಟಿ ತೆರೆದು ಕೂತೆ. ಒಂದೊಂದೇ ಹೆಸರು ಬರೆದು ಯಾವ ಕಾಲಕ್ಕೆ ಮುಗಿಯಬೇಕು? ಈ ಖದೀಮರು ದಿನಕ್ಕೊಂದು ಹೆಸರಿನಲ್ಲಿ ಬರುತ್ತಾರೆ. ಆದರೆ ಹೆಚ್ಚಿನವು ಇಂಗ್ಲಿಷಿನ ಎ, ಡಿ ಎಂಬ ಎರಡು ಅಕ್ಷರಗಳಿಂದ ಶುರುವಾಗುತ್ತವೆ. ಜಾಹೀರಾತಿನ ಇಂಗ್ಲಿಷ್ ಹೆಸರಿನ ಮೊದಲೆರಡು ಅಕ್ಷರ. ನಾನು ಎ, ಡಿ ಎಂದು ಬರೆದು ಅದರ ಪಕ್ಕ ಒಂದು ನಕ್ಷತ್ರ ಹಾಕಿದೆ. ಹಾಗೆ ಹಾಕಿದರೆ, ಆ ಎರಡು ಅಕ್ಷರದಿಂದ ಶುರುವಾಗುವ ಯಾವ ಹೆಸರೇ ಬರಲಿ, ಮುಂದೇನಿದೆ ನೋಡಬೇಡ, ಮನೆ ಇಲ್ಲ ಅನ್ನು ಎಂದು ಅರ್ಥ. ಇಡೀ ಕುಲವನ್ನೇ ಊರ ಹೊರಗೆ ಇಟ್ಟ ಹಾಗೆ. ಮೇಲೊಂದು ಟಿಪ್ಪಣಿಯನ್ನೂ ಬರೆದೆ. ಯಂತ್ರ ಓದದೆ ದಾಟಿಬಿಡುವ ಸಾಲು ಅದು, ಮನುಷ್ಯರಿಗೆ ಮಾತ್ರ: ಇನ್ನು ಬರ್ರಲೇ, ನೋಡ್ತೀನಿ.

ಆ ಸಾಲನ್ನು ಕಳೆದ ವಾರ ಓದಿದೆ. ಹಲ್ಲು ಕಚ್ಚಿ ಓದಬೇಕಾಯಿತು.

ಲಾರಿಗಳಿಗೆಲ್ಲ ಜಾಗ ತೋರಿಸುವ ಯಂತ್ರ ಕೂಡಿಸಿದ್ದರು. ಯಾವ ಲಾರಿ ಎಲ್ಲಿದೆ ಎಂದು ನಕ್ಷೆಯ ಮೇಲೆ ಚುಕ್ಕಿಯಾಗಿ ಕಾಣುವ ಪುಟವೊಂದಿತ್ತು, ಲಾರಿ ಮಾಲೀಕರು ಕೆಲವರು ಸೇರಿ ಮಾಡಿಸಿದ್ದು. ಯಾರೋ ಕನ್ನಡಾಭಿಮಾನಿಗಳು ಅದರ ವಿಳಾಸಕ್ಕೆ 'ಅದಿರು' ಎಂಬ ಮಾತಿನಿಂದಲೇ ಶುರುವಾಗುವ ಹೆಸರಿಟ್ಟಿದ್ದರು. ಇಂಗ್ಲಿಷ್ ಅಕ್ಷರದಲ್ಲಿ ಅದಿರು ಬರೆದು ನೋಡಿ. ಮೊದಲು ಎ, ಆಮೇಲೆ ಡಿ.

ನನಗೆ ಯಾಕೆ ಹೊಳೆಯಲಿಲ್ಲ ಅಂದರೆ, ನಮ್ಮ ಬಯಲಿನಲ್ಲಿ ಆ ಮಾತನ್ನು ಯಾರೂ ಆಡುತ್ತಿರಲಿಲ್ಲ. ಲಾರಿಯವರು ಮಣ್ಣು ಅನ್ನುತ್ತಾರೆ, ಆಫೀಸಿನವರು ಓರ್ ಅನ್ನುತ್ತಾರೆ. ಅದಿರು ಎಂಬುದು ಪೇಪರಿನ ಮಾತು. ಪುಟಕ್ಕೂ ನಾವು ನಕ್ಷೆ ಅಂತಲೇ ಅನ್ನುತ್ತಿದ್ದೆವು, ಒಂದು ಗುಂಡಿ ಒತ್ತಿದರೆ ತೆರೆಯುತ್ತಿತ್ತು, ವಿಳಾಸ ಓದುವ ಪ್ರಸಂಗವೇ ಇರಲಿಲ್ಲ. ಇದನ್ನು ನಾನು ಸಮರ್ಥನೆಗಾಗಿ ಹೇಳುತ್ತಿಲ್ಲ. ಇಲ್ಲ, ಸಮರ್ಥನೆಗಾಗಿಯೇ ಹೇಳುತ್ತಿದ್ದೇನೆ. ಆದರೆ ಇದು ನಿಜವೂ ಹೌದು.

ಇನ್ನು ಮುಂದಿನದನ್ನು ನಾನು ಇಷ್ಟು ವರ್ಷ ಹೇಳಿಕೊಂಡು ಬಂದ ರೀತಿಯಲ್ಲೇ ಮೊದಲು ಹೇಳುತ್ತೇನೆ.

ಹನ್ನೊಂದೂವರೆ ದಾಟಿದ ಹೊತ್ತಿಗೆ ಸೈಡಿಂಗಿನಿಂದ ಫೋನ್ ಬಂತು, ದುರುಗಪ್ಪನ ಲಾರಿ ಮುಟ್ಟಿಲ್ಲ. ಸಾವಿತ್ರಕ್ಕ ಗಂಡನಿಗೆ ಫೋನ್ ಮಾಡಿದರು. ರಿಂಗ್ ಆಯಿತು, ಎತ್ತಲಿಲ್ಲ. ನಾನೇ ನಗುತ್ತ "ಕರಡಿ ಅಡ್ಡ ಬಂದಿರ್ಬೇಕು" ಅಂದೆ. ಅವರೂ ನಕ್ಕರು. ಎರಡನೇ ಸಲ ಮಾಡಿದರು. ಮೂರನೇ ಸಲ ಮಾಡುವಾಗ ಅವರು ನಿಂತಿದ್ದರು. "ಇವರಿಗೆ ಶುಗರ್ ಐತಿ, ಬೆಳಿಗ್ಗೆ ತಲೆ ಭಾರ ಅಂತಿದ್ರು, ನಕ್ಷೆ ತೆಗೀರಿ ಸರ" ಎಂದರು.

ನಕ್ಷೆ ತೆರೆಯಲಿಲ್ಲ. ಬಿಳಿ ಪುಟ, ಅದರ ನಡುವೆ ಈ ವಿಳಾಸ ಸಿಗುತ್ತಿಲ್ಲ ಎಂದು ಒಂದು ಸಾಲು. ನೆಟ್ ಹೋಗಿದೆ ಅಂದೆ. ಸಂಡೂರಿನಲ್ಲಿ ನೆಟ್ ಹೋಗುವುದು ಹೊಸದಲ್ಲ. ಮೊಬೈಲಿನಲ್ಲಿ ನೋಡೋಣ ಎಂದರೆ ಆ ಪುಟದ ಪಾಸ್‌ವರ್ಡ್ ಆ ಕಂಪ್ಯೂಟರಿಗೆ ಬಿಟ್ಟು ಇನ್ನಾರಿಗೂ ನೆನಪಿರಲಿಲ್ಲ. ಸಾವ್ಕಾರ್ರು ಬಳ್ಳಾರಿಗೆ ಹೋಗಿದ್ದರು. ಫೋನಿನಲ್ಲಿ, ಎಲ್ಲೋ ಊಟಕ್ಕೆ ನಿಂತಿರಬೇಕು, ಗಾಬರಿ ಯಾಕೆ ಎಂದು ಹೇಳಿ ಇಟ್ಟರು. ಸೈಡಿಂಗಿಗೆ ಎರಡು ದಾರಿ. ಒಂದು ಗುಡ್ಡದ ಸಂದಿನದು, ಇನ್ನೊಂದು ಸುತ್ತಿನದು. ಆ ವಾರ ಗುಡ್ಡದ ದಾರಿ ಅಲ್ಲಲ್ಲಿ ಅಗೆದಿದ್ದರಿಂದ ಲಾರಿಗಳು ಹೆಚ್ಚಾಗಿ ಸುತ್ತಿ ಹೋಗುತ್ತಿದ್ದವು. ಖಾಲಿ ಲಾರಿಯ ಡ್ರೈವರೊಬ್ಬರನ್ನು ಸುತ್ತಿನ ದಾರಿಯಲ್ಲಿ ನೋಡಿಕೊಂಡು ಬರಲು ಕಳಿಸಿದೆವು. ನಾನು ಕಂಪ್ಯೂಟರಿನ ಮುಂದೆ ಕೂತು ಒದ್ದಾಡಿದೆ. ಸಾವಿತ್ರಕ್ಕ ನನ್ನ ಕುರ್ಚಿಯ ಪಕ್ಕದ ಸ್ಟೂಲಿನ ಮೇಲೆ ಕೂತು ನನ್ನ ಬೆರಳುಗಳನ್ನೇ ನೋಡುತ್ತಿದ್ದರು. ನಡುವೆ ಫೋನ್ ಒತ್ತುವುದು, ಕಿವಿಗೆ ಹಿಡಿಯುವುದು, ಇಳಿಸುವುದು. ಕಪ್ಪು ಪರದೆ, ಬಿಳಿ ಅಕ್ಷರ. ಕಿಟಕಿಯಲ್ಲಿ ನಾಲ್ಕೈದು ಮುಖ.

ಹನ್ನೆರಡೂ ಕಾಲರ ಸುಮಾರಿಗೆ ಅವರಿಗೊಂದು ಫೋನ್ ಬಂತು, ಸಿಗ್ನಲ್ ಸಿಗಲೆಂದು ಜಗಲಿಗೆ ಹೋದರು. ಸುತ್ತಿನ ದಾರಿಯಲ್ಲಿ ಲಾರಿ ಇಲ್ಲ ಎಂದು ಹೇಳಲು ಬಂದ ಫೋನು ಅದು. ಅವರು ಒಳಗೆ ಬರುವಷ್ಟರಲ್ಲಿ ನಕ್ಷೆ ತೆರೆದಿತ್ತು. "ಬಂತು ನೋಡ್ರಿ ನೆಟ್" ಎಂದೆ.

ಚುಕ್ಕಿ ಗುಡ್ಡದ ದಾರಿಯಲ್ಲಿತ್ತು, ಹುಣಸೆಮರದ ತಿರುವಿನಲ್ಲಿ. ಹನ್ನೊಂದು ಹತ್ತರಿಂದ ಅಲುಗಿಲ್ಲ ಎಂದು ಪಕ್ಕದಲ್ಲಿ ಬರೆದಿತ್ತು. ಆ ಕಡೆಯಿಂದ ವಾಪಸಾಗುತ್ತಿದ್ದ ಇನ್ನೊಂದು ಲಾರಿಯ ಡ್ರೈವರಿಗೆ ಫೋನ್ ಮಾಡಿದೆವು, ಅವರು ಹತ್ತೇ ನಿಮಿಷದಲ್ಲಿ ಮುಟ್ಟಿದರು. ಲಾರಿ ರಸ್ತೆಯ ಎಡಕ್ಕೆ ನೀಟಾಗಿ ನಿಂತಿತ್ತು. ಕೈಬ್ರೇಕ್ ಹಾಕಿತ್ತು, ಇಂಡಿಕೇಟರ್ ಮಿನುಗುತ್ತಿತ್ತು. ದುರುಗಪ್ಪ ಸ್ಟಿಯರಿಂಗಿಗೆ ಒರಗಿದ್ದರು, ಎಚ್ಚರವಿತ್ತು, ಬಾಯಿ ಒಂದು ಕಡೆಗೆ ಎಳೆದಿತ್ತು. ಫೋನು ಬಲಗಡೆಯ ಜೇಬಿನಲ್ಲಿತ್ತು. ಬಲಗೈ ಅಲ್ಲಿಯವರೆಗೆ ಹೋಗಿರಲಿಲ್ಲ.

ಹೊಸಪೇಟೆಯ ಆಸ್ಪತ್ರೆಯಲ್ಲಿ ಡಾಕ್ಟರು ಲಕ್ವ ಎಂದರು. ಜೀವಕ್ಕೆ ಅಪಾಯವಿಲ್ಲ, ಬಲಗೈ ಮತ್ತು ಕಾಲು ಎಷ್ಟು ಬರುತ್ತವೋ ನೋಡೋಣ ಎಂದರು. ಕಾಗದದ ಮೇಲೆ ಬರೆಯುತ್ತ, ತಲೆ ಎತ್ತದೆ, "ಇನ್ನೊಂದು ಅರ್ಧ ತಾಸು ಮೊದಲು ತಂದಿದ್ರ ಭಾಳ ಚೊಲೊ ಇತ್ತು" ಎಂದರು. ನಾನು ಬಾಗಿಲಲ್ಲಿ ನಿಂತಿದ್ದೆ.

ಕೈ ಬರಲಿಲ್ಲ. ಕಾಲು ಅರ್ಧ ಬಂತು. ಲಾರಿ ಬಿಟ್ಟರು, ಸಾವಿತ್ರಕ್ಕನ ತವರೂರು ಕಂಪ್ಲಿಗೆ ಹೋಗಿ ನೆಲೆಸಿದರು. ಅಲ್ಲಿಂದ ಈಚೆಗೆ ಸಾವಿತ್ರಕ್ಕ ನನ್ನ ವಿಷಯ ಎತ್ತಿದಾಗಲೆಲ್ಲ ಒಂದೇ ಮಾತು ಹೇಳುತ್ತಿದ್ದರಂತೆ: ಸರ ಇರಲಿಲ್ಲ ಅಂದರೆ ಅವತ್ತು ನೆಟ್ ಬರುತ್ತಿರಲಿಲ್ಲ, ನೆಟ್ ಬರದಿದ್ದರೆ ಇವರು ಸಿಗುತ್ತಿರಲಿಲ್ಲ. ದೀಪಾವಳಿಗೆ ಒಂದು ಚೀಲ ಅಕ್ಕಿ ಕಳಿಸುತ್ತಾರೆ. ಬೇಡ ಅಂದರೆ ಬೇಜಾರು ಮಾಡಿಕೊಳ್ಳುತ್ತಾರೆ. ಆರು ವರ್ಷದಿಂದ ಆ ಅಕ್ಕಿ ಉಣ್ಣುತ್ತಿದ್ದೇನೆ.

ತಪ್ಪು ನನ್ನ ನಕ್ಷತ್ರದ್ದು ಎಂದು ನನಗೆ ಗೊತ್ತಿತ್ತು. ಅದನ್ನು ನಾನು ನನ್ನಿಂದ ಬಚ್ಚಿಟ್ಟುಕೊಂಡಿರಲಿಲ್ಲ. ನನ್ನ ತಲೆಯಲ್ಲಿದ್ದದ್ದು ಹೀಗೆ: ಹುಡುಕಿದೆ, ಹುಡುಕಿದೆ, ಕೊನೆಗೆ ಹನ್ನೆರಡೂ ಕಾಲಿಗೆ ಹೊಳೆಯಿತು, ಹೊಳೆದ ಕೂಡಲೇ ಆ ಸಾಲು ಅಳಿಸಿದೆ. ತಪ್ಪು ಮಾಡಿದವನೇ ತಿದ್ದಿದ. ಹೇಳಲಿಲ್ಲ, ಅಷ್ಟೇ. ಹೇಳಿ ಏನಾಗಬೇಕಿತ್ತು, ಅವರ ದುಃಖ ಅವರಿಗೆ ಸಾಕಾಗಿತ್ತು. ನೋಡಿ, ಎಷ್ಟು ಸಲೀಸಾಗಿ ಕೂಡಿಕೊಂಡಿದೆ. ಎಲ್ಲೂ ಒಂದು ಹೊಲಿಗೆ ಬಿಟ್ಟಿಲ್ಲ. ಇಷ್ಟು ಚೆನ್ನಾಗಿ ಕೂಡಿಕೊಂಡ ನೆನಪನ್ನು ಕಂಡರೆ ನನಗೆ ಈಗ, ಆ ಸೈರನ್ ಬಡಿದ ಪುಟದ ಹಾಗೆ, ಮುಟ್ಟಲು ಭಯ.

ಯಾಕೆಂದರೆ ಡಬ್ಬಿಯೊಳಗೆ ಬೇರೆಯೇ ಇದೆ.

ಎರಡು ಫೈಲುಗಳು. ಒಂದರಲ್ಲಿ, ಬಾಗಿಲಲ್ಲಿ ಕೂತ ಪ್ರೋಗ್ರಾಮು ಯಾವ ಹೆಸರನ್ನು ಯಾವಾಗ ತಡೆಯಿತು ಎಂದು ಗಂಟೆ ನಿಮಿಷದ ಸಮೇತ ಬರೆದಿಟ್ಟಿದೆ. ಇನ್ನೊಂದರಲ್ಲಿ ನಾನು ಕಪ್ಪು ಪರದೆಯ ಮೇಲೆ ಟೈಪ್ ಮಾಡಿದ ಪ್ರತಿ ಆಜ್ಞೆ, ಅದಕ್ಕೂ ವೇಳೆ ಹಾಕಿಡುವಂತೆ ಹೇಳಿದ್ದವನು ನಾನೇ. ಕೆಲಸದಲ್ಲಿ ಶಿಸ್ತು ಇರಬೇಕೆಂದು. ಪಟ್ಟಿ ಕಾಪಿ ಮಾಡಲು ಹೋದವನು ಸುಮ್ಮನೆ ಅವನ್ನೂ ತೆರೆದೆ. ಸುಮ್ಮನೆ ಅಂದರೆ ಅದೂ ಸುಳ್ಳು. ಆ ದಿನವನ್ನೇ ಹುಡುಕಿ ತೆರೆದೆ.

ಹನ್ನೊಂದು ನಲವತ್ನಾಲ್ಕಕ್ಕೆ ಅದಿರು ಹೆಸರು ಮೊದಲ ಸಲ ತಡೆಯಲ್ಪಟ್ಟಿದೆ. ಆಮೇಲೆ ನಿಮಿಷಕ್ಕೊಂದು, ಎರಡು. ನಾವು ಒತ್ತಿದಷ್ಟೂ ಸಲ ಮನೆ ಇಲ್ಲ, ಮನೆ ಇಲ್ಲ.

ಹನ್ನೊಂದು ಐವತ್ತೆಂಟಕ್ಕೆ ನಾನು ಈ ಮೊದಲ ಫೈಲನ್ನೇ ತೆರೆದು ನೋಡಿದ್ದೇನೆ. ಅದರ ಕೊನೆಯ ಇಪ್ಪತ್ತು ಸಾಲು ತೋರಿಸು ಎಂದು ಕೇಳಿದ್ದೇನೆ. ಆ ಇಪ್ಪತ್ತು ಸಾಲು ಇವತ್ತೂ ಹಾಗೇ ಇವೆ. ಇಪ್ಪತ್ತರಲ್ಲಿ ಹದಿನೇಳು ಅದಿರು. ಓದಲು ಬರುವ ಯಾರಿಗಾದರೂ ಒಂದು ನೋಟಕ್ಕೆ ತಿಳಿಯುತ್ತದೆ.

ಆಮೇಲೆ ಹನ್ನೆರಡು ಗಂಟೆ ಒಂದು ನಿಮಿಷಕ್ಕೆ, ನೆಟ್ ಇದೆಯೋ ಇಲ್ಲವೋ ನೋಡುವ ಆಜ್ಞೆ. ಹೊರಗಿನ ಒಂದು ದೊಡ್ಡ ಕಂಪ್ಯೂಟರನ್ನು ಕೂಗುವುದು, ಅದು ಓಗೊಟ್ಟರೆ ನೆಟ್ ಇದೆ ಎಂದು. ಅದು ಓಗೊಟ್ಟಿದೆ. ಹನ್ನೆರಡು ನಾಲ್ಕಕ್ಕೆ ಮತ್ತೆ ಕೂಗಿದ್ದೇನೆ. ಏಳಕ್ಕೆ ಮತ್ತೆ. ಒಂಬತ್ತಕ್ಕೆ ನೆಟ್ ಪೂರ್ತಿ ಆರಿಸಿ ಹೊತ್ತಿಸಿದ್ದೇನೆ, ಪಟ್ಟಿಯನ್ನು ಮುಟ್ಟದೆ. ಹನ್ನೆರಡನೇ ನಿಮಿಷಕ್ಕೆ ಮತ್ತೊಮ್ಮೆ ಕೂಗು. ಪ್ರತಿ ಸಲವೂ ಅದು ಪಾಪ ಓಗೊಟ್ಟಿದೆ.

ಹನ್ನೆರಡು ಹದಿನಾರಕ್ಕೆ ನಕ್ಷತ್ರದ ಸಾಲು ಅಳಿಸಿದ್ದೇನೆ.

ಮೊದಲು ಗಡಿಯಾರವನ್ನು ಅನುಮಾನಿಸಿದೆ. ಹಳೆಯ ಯಂತ್ರ, ಬೋರ್ಡಿನ ಬ್ಯಾಟರಿ ಸತ್ತಿರಬಹುದು. ಆದರೆ ಎರಡು ಸಾಲಿನ ನಡುವಿನ ಅಂತರಕ್ಕೆ ಅದು ಸಬೂಬಾಗುವುದಿಲ್ಲ. ಆಮೇಲೆ ನನ್ನನ್ನೇ ಬೇರೆಯವನಂತೆ ನೋಡಿದೆ. ಗಾಬರಿಯಲ್ಲಿ ಕಣ್ಣು ಓದಿರಬಹುದು, ತಲೆಗೆ ಹೋಗಿರಲಿಕ್ಕಿಲ್ಲ. ಆದರೆ ಐವತ್ತೆಂಟರ ಮೊದಲಿನ ಆಜ್ಞೆಗಳೆಲ್ಲ ಹುಡುಕುವವನ ಆಜ್ಞೆಗಳು, ಒಂದು ಸಿಗದಿದ್ದರೆ ಇನ್ನೊಂದು ಕಡೆ. ನಂತರದವು ಹಾಗಿಲ್ಲ. ನಂತರದವು ಪಕ್ಕದಲ್ಲಿ ಯಾರೋ ನೋಡುತ್ತಿದ್ದಾರೆ ಎಂದು ಮಾಡುವಂಥವು. ಈ ಎರಡರ ವ್ಯತ್ಯಾಸ ನನಗೆ ಗೊತ್ತಾಗದಿದ್ದರೆ ಇನ್ನಾರಿಗೆ ಗೊತ್ತಾಗಬೇಕು?

ಹದಿನೆಂಟು ನಿಮಿಷ.

ಡಾಕ್ಟರು ಅರ್ಧ ತಾಸು ಅಂದಿದ್ದರು. ಹದಿನೆಂಟು ನಿಮಿಷಕ್ಕೆ ಎಷ್ಟು ಬೆರಳು ಬರುತ್ತಿದ್ದವು ಎಂದು ಹೇಳುವವರು ಯಾರೂ ಇಲ್ಲ. ಒಂದೂ ಬರುತ್ತಿರಲಿಲ್ಲವೇನೋ. ಆ ಸಮಾಧಾನವನ್ನು ಎರಡು ದಿನ ಇಟ್ಟುಕೊಂಡು ನೋಡಿದೆ, ನಿಲ್ಲಲಿಲ್ಲ. ಎರಡು ಫೈಲನ್ನೂ ಅಳಿಸುವುದು ಒಂದು ಸಾಲಿನ ಕೆಲಸ. ಆ ಸಾಲನ್ನು ಟೈಪೂ ಮಾಡಿದೆ. ಎಂಟರ್ ಒತ್ತದೆ ಎದ್ದುಹೋಗಿ ಚಹಾ ಮಾಡಿಕೊಂಡೆ. ಬಂದು ನೋಡಿದರೆ ಕರ್ಸರ್ ಅಲ್ಲೇ ಮಿನುಗುತ್ತಿತ್ತು. ಒಂದೊಂದೇ ಅಕ್ಷರ ಹಿಂದಕ್ಕೆ ಅಳಿಸಿದೆ.

ಭಾನುವಾರ ಪಟ್ಟಿಯನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಕಂಪ್ಲಿ ಬಸ್ಸು ಹತ್ತಿದೆ. ಗದ್ದೆಗಳಲ್ಲಿ ನಾಟಿ ನಡೆದಿತ್ತು. ಕಿಟಕಿಯಲ್ಲಿ ಕೂತು ಹೇಗೆ ಹೇಳಬೇಕೆಂದು ಕಟ್ಟಿದೆ, ಕೆಡವಿದೆ. ಪಕ್ಕದಲ್ಲಿ ಕೂತವರು ಮೊಬೈಲಿನಲ್ಲಿ ಏನೋ ನೋಡುತ್ತಿದ್ದರು. ನಡುನಡುವೆ ಜಾಹೀರಾತು ಬಂದು ಕಿರುಚುತ್ತಿತ್ತು, ಅವರು ಅಭ್ಯಾಸದಿಂದ ಬಲಗೈ ಹೆಬ್ಬೆರಳು ಒತ್ತಿ ಸರಿಸುತ್ತಿದ್ದರು. ನನಗೆ ಮೊದಲ ಸಲ ಆ ಹೆಬ್ಬೆರಳು ಕಂಡಿತು.

ಮನೆಯ ಮುಂದಿನ ಕಟ್ಟೆಯ ಮೇಲೆ ಕುರ್ಚಿ ಹಾಕಿಕೊಂಡು ದುರುಗಪ್ಪ ಕೂತಿದ್ದರು. ಬಲಗೈಯನ್ನು ತೊಡೆಯ ಮೇಲೆ ಇನ್ನೊಬ್ಬರ ವಸ್ತುವಿನ ಹಾಗೆ ಇಟ್ಟುಕೊಂಡಿದ್ದರು. ಮಾತು ಸ್ವಲ್ಪ ತೊದಲುತ್ತದೆ, ಉಳಿದಂತೆ ಅದೇ ಮನುಷ್ಯ. ಓಣಿಯವರೊಬ್ಬರಿಗೆ ನನ್ನನ್ನು ತೋರಿಸಿದರು. "ಇವರ ನೋಡ್ರಿ, ಇವರು ಬಂದ್ರ ನೆಟ್ ಬಂದಂಗ." ಓಣಿಯವರು ಕೈ ಮುಗಿದರು. ನಾನೂ ಮುಗಿದೆ.

ಒಳಗೆ ನಡುಮನೆಯಲ್ಲಿ ಸಾವಿತ್ರಕ್ಕ ಮೊರದಲ್ಲಿ ಅಕ್ಕಿ ಹಾಕಿಕೊಂಡು ಕಲ್ಲು ಆರಿಸುತ್ತ ಕೂತಿದ್ದರು. ಊಟವಾದ ಮೇಲೆ ಗಿರಣಿಗೆ ಹೋಗೋಣ ಅಂದರು. ನಾನು ಗೋಡೆಗೆ ಒರಗಿ ನೆಲದ ಮೇಲೆ ಕೂತೆ.

"ಸಾವಿತ್ರಕ್ಕ, ಅವತ್ತು ನೆಟ್ ಹೋಗಿರ್ಲಿಲ್ಲ."

"ಯಾವತ್ತು?" ಎಂದರು. ಆದರೆ ಮೊರದ ಮೇಲಿನ ಕೈ ಆಗಲೇ ನಿಂತಿತ್ತು.

ನಕ್ಷತ್ರದ ವಿಷಯ ಹೇಳಿದೆ. ಎ, ಡಿ, ಅದಿರು. ಅವರು ಬಾಯಲ್ಲೇ ಒಮ್ಮೆ ಇಂಗ್ಲಿಷಿನಲ್ಲಿ ಕಾಗುಣಿತ ಹಾಕಿ ನೋಡಿಕೊಂಡರು. "ಹೋಗ್ಲಿ ಬಿಡ್ರಿ ಸರ. ಬೇಕಂತ ಮಾಡಿದ್ದೇನಲ್ಲ. ನಾನೂ ಆ ಸೈರನ್ನಿಗೆ ಹೆದರ್ದಿದ್ರ ನೀವ್ಯಾಕ ಹಾಕ್ತಿದ್ರಿ" ಎಂದರು.

ಇಲ್ಲಿಗೆ ನಿಲ್ಲಿಸಬಹುದಿತ್ತು. ನಿಮಗೆ ಸುಳ್ಳು ಹೇಳುವುದಿಲ್ಲ, ನಿಲ್ಲಿಸಲು ಬಾಯಿ ಮುಚ್ಚಿದ್ದೆ ಕೂಡ. ತಪ್ಪು ಒಪ್ಪಿಕೊಂಡಾಗಿತ್ತು, ಕ್ಷಮೆ ಸಿಕ್ಕಾಗಿತ್ತು, ಅದರ ಅರ್ಧ ಪಾಲನ್ನು ಅವರೇ ತಮ್ಮ ತಲೆಯ ಮೇಲೆ ಎಳೆದುಕೊಂಡಿದ್ದರು. ಅದೇ ನನಗೆ ತಡೆಯದಾಯಿತು.

"ನಂಗ ಗೊತ್ತಾಗಿದ್ದು ಹನ್ನೊಂದು ಐವತ್ತೆಂಟಕ್ಕ. ತೆಗದಿದ್ದು ಹನ್ನೆರಡು ಹದಿನಾರಕ್ಕ" ಎಂದೆ.

ಅವರು ನನ್ನನ್ನು ನೋಡಿದರು. ಆ ಬಯಲಿನ ಆಫೀಸಿನಲ್ಲಿ ಹನ್ನೊಂದು ವರ್ಷ ಪಕ್ಕದಲ್ಲಿ ಕೂತಿದ್ದರೂ ಅವರು ನನ್ನ ಮುಖವನ್ನು ಹಾಗೆ ನೋಡಿದ್ದು ನೆನಪಿಲ್ಲ.

"ನಡುವ ಏನ್ ಮಾಡ್ತಿದ್ರಿ?"

ಬಸ್ಸಿನಲ್ಲಿ ಕಟ್ಟಿಕೊಂಡ ಉತ್ತರ ಇತ್ತು. ಖಾತ್ರಿ ಇರಲಿಲ್ಲ, ಗಾಬರಿಯಾಗಿತ್ತು, ಇನ್ನೇನೋ ಕೆಟ್ಟಿರಬಹುದು ಅನ್ನಿಸಿತು. ಫೈಲುಗಳಲ್ಲಿ ಆ ಪ್ರಶ್ನೆಗೆ ಉತ್ತರ ಇರಲಿಲ್ಲ. ಆ ಕ್ಷಣದವರೆಗೆ ನನ್ನಲ್ಲೂ ಇರಲಿಲ್ಲ ಎಂದುಕೊಂಡಿದ್ದೆ. ಬಾಯಿ ತೆರೆದಾಗ ಬಂದದ್ದು ಇದು:

"ನೀವು ಎದ್ದು ಹೊರಗ ಹೋಗ್ಲಿ ಅಂತ ಕಾಯ್ತಿದ್ದೆ. ನೀವು ನೋಡೂ ಮುಂದ ಆ ಸಾಲು ತೆಗಿಯಾಕ ಆಗ್ಲಿಲ್ಲ."

ಅಂದ ಮೇಲೆ ನನಗೂ ಅದು ಕಂಡಿತು. ಸ್ಟೂಲು, ಅವರ ಮೊಣಕೈ ನನ್ನ ಮೇಜಿನ ಅಂಚಿಗೆ, ಕಿಟಕಿಯ ಮುಖಗಳು, ನಾನು ಎರಡು ಸಲ ಮೋಡೆಮ್ ದೀಪ ನೋಡಿ ಬರ್ರಿ ಎಂದು ಅವರನ್ನು ಎಬ್ಬಿಸಿದ್ದು, ಮೋಡೆಮ್ ಬಾಗಿಲ ಪಕ್ಕದಲ್ಲೇ ಇದ್ದುದರಿಂದ ಅವರು ಕೂತಲ್ಲಿಂದಲೇ ಕತ್ತು ಚಾಚಿ, ಉರೀತಾವ ಸರ ಅಂದದ್ದು. ಇದು ನಿಜವಾಗಿ ನೆನಪಾದದ್ದೋ, ಆಗಷ್ಟೇ ಹುಟ್ಟಿಕೊಂಡದ್ದೋ ಹೇಳಲಾರೆ. ಆದರೆ ಮೊದಲಿನ ನೆನಪಿನಷ್ಟು ಸಲೀಸಾಗಿರಲಿಲ್ಲ.

ಅವರು ಅಕ್ಕಿಯ ಮೇಲೆ ಬೆರಳಿಂದ ಏನೋ ಗೀಚುತ್ತ ಇದ್ದರು. ಅಳಲಿಲ್ಲ. ದನಿಯೂ ಏರಲಿಲ್ಲ.

"ನನ್ನ ಸ್ಕೂಟಿ ಬಾಗಲದಾಗ ನಿಂತಿತ್ರಿ ಸರ. ಇವರು ನೀರು ಕುಡಿಯಾಕ ನಿಲ್ಲೂದು ಆ ಹುಣಸಿ ಗಿಡದ ತಿರುವಿನ್ಯಾಗ ಅಂತ ನಂಗ ಗೊತ್ತಿತ್ತು. ಒಂದು ಸಲ ಕೀಲಿನೂ ಕೈಯಾಗ ಹಿಡ್ದಿದ್ದೆ. ಸರ ಕುಂತಾರ, ಹುಡುಕಾಕ ಹತ್ತ್ಯಾರ, ಈಗ ಸಿಗ್ತೈತಿ ಅಂತ ಕುಂತೆ. ನೀವು ಕುಂತೀರಿ ಅಂತ ನಾ ಕುಂತೆ."

ಹೊರಗೆ ದುರುಗಪ್ಪ ಯಾರಿಗೋ ಏನೋ ಹೇಳಿ ನಗುವುದು ಕೇಳಿಸಿತು.

ಸಾವಿತ್ರಕ್ಕ ಆರಿಸಿದ ಅಕ್ಕಿಯನ್ನು ಒಂದು ಕಡೆಗೆ ಸರಿಸಿ, ಮೊರವನ್ನು ಎತ್ತಿಕೊಂಡು ಎದ್ದು ನಿಂತರು. ಅಡುಗೆಮನೆಯ ಬಾಗಿಲವರೆಗೆ ಹೋಗಿ ನಿಂತು, ನನ್ನ ಕಡೆ ತಿರುಗದೆ ಹೇಳಿದರು: "ಕೈ ಅವರದು. ಅವರಿಗೆ ಹೇಳ್ರಿ. ನಾ ಒಳಗ ಹೊಕ್ಕೀನಿ, ನೀವು ಹೇಳೂತನಕ ಬರಂಗಿಲ್ಲ."

ಬಾಗಿಲು ಎಳೆದುಕೊಂಡರು.

ನಡುಮನೆಯಲ್ಲಿ ಈಗ ಯಾರೂ ಇರಲಿಲ್ಲ. ಹೊರಬಾಗಿಲು ತೆರೆದಿತ್ತು, ಅದರಾಚೆ ಓಣಿ, ಓಣಿಯಾಚೆ ಹೊಸಪೇಟೆಯ ಬಸ್ಸು ನಿಲ್ಲುವ ಜಾಗ. ನಾನು ಎದ್ದು ಕಟ್ಟೆಗೆ ಬಂದೆ. ಓಣಿಯವರು ಹೊರಟುಹೋಗಿದ್ದರು. ದುರುಗಪ್ಪ ಎಡಗೈಯಿಂದ ಪಕ್ಕದ ಕುರ್ಚಿಯ ಮೇಲಿದ್ದ ಟವೆಲನ್ನು ಎತ್ತಿ ಹೆಗಲಿಗೆ ಹಾಕಿಕೊಂಡು ನನಗೆ ಜಾಗ ಮಾಡಿದರು.

"ಕುಂದ್ರಿ ಸರ. ಆತೇನ್ರಿ ಪಟ್ಟಿ ಹಾಕೂದು?"

ಇನ್ನೂ ಇಲ್ಲ ಎಂದೆ. ಅವರ ಬಲಗಡೆಗೆ ಕೂತೆ. ಸೈರನ್ನಿನಿಂದ ಶುರುಮಾಡಲಿಲ್ಲ, ನಕ್ಷತ್ರದಿಂದಲೂ ಶುರುಮಾಡಲಿಲ್ಲ. ಹನ್ನೊಂದು ಐವತ್ತೆಂಟರಿಂದ ಶುರುಮಾಡಿದೆ.